ಏಳು ಅಕ್ಷರ ಕೈಯಲ್ಲಿದ್ದರೆ ಪದ ಹುಡುಕುವುದು ಹೇಗೆ?

ನಿಮ್ಮ ತಂಗಿಗೆ ಸ್ಕ್ರ್ಯಾಬಲ್‌ನಲ್ಲಿ (ಇಂಗ್ಲಿಷ್ ಅಕ್ಷರದ ಬಿಲ್ಲೆ ಜೋಡಿಸಿ ಪದ ಕಟ್ಟುವ ಆಟ) ಎ, ಇ, ಐ, ಎನ್, ಆರ್, ಎಸ್, ಟಿ ಬಂದವು, ಏಳನ್ನೂ ಬಳಸುವ ಪದ ಹೊಳೆಯಲೇ ಇಲ್ಲ ಅಂದಿದ್ದೀರಿ. ಅದು ಬಂಗಾರದಂಥ ಕೈ ಕಣ್ರೀ! ಏಳೂ ಒಟ್ಟಿಗೆ ಇಳಿಸಿದರೆ 50 ಅಂಕ ಜಾಸ್ತಿ ಸಿಗುತ್ತದೆ.

ಸುಮ್ನೆ ಅಕ್ಷರ ನೋಡುತ್ತಾ ಕೂತರೆ ಆಗಲ್ಲ. ಮೊದಲು ಪದದ ಬಾಲ ಹಿಡಿಯಬೇಕು. ಇ, ಆರ್ ಎರಡನ್ನು ಬಲಕ್ಕೆ ಸರಿಸಿ. ಉಳಿದ ಐದರಲ್ಲಿ ‘ಸ್ಟೇನ್’ ಇದೆ, ಸೇರಿಸಿದರೆ ‘ಸ್ಟೇನರ್’. ಐ, ಇ, ಆರ್ ಮೂರೂ ಬಲಕ್ಕೆ ಹೋದರೆ ‘ನಾಸ್ಟಿಯರ್’. ಆರ್, ಇ ಎಡಕ್ಕೆ ತಂದರೆ ‘ರಿಟೇನ್ಸ್’. ‘ರೆಟಿನಾ’ಗೆ ಎಸ್ ಅಂಟಿಸಿದರೆ ಇನ್ನೊಂದು.

ಕಂಪ್ಯೂಟರ್‌ನಲ್ಲಾದರೆ, ಇಂಗ್ಲಿಷ್ ಪದಗಳ ಪಟ್ಟಿ ಇಟ್ಟುಕೊಂಡು, ಅದರ ಪ್ರತಿ ಪದದ ಅಕ್ಷರಗಳನ್ನು ಎ ಯಿಂದ ಝಡ್ ಕ್ರಮದಲ್ಲಿ ಜೋಡಿಸಿ ಪಕ್ಕದಲ್ಲಿ ಬರೆಸಿ. ಮೇಲಿನ ನಾಲ್ಕೂ ಪದಕ್ಕೆ ಒಂದೇ ಸಾಲು ಬರುತ್ತದೆ, ಕೈಯಲ್ಲಿರುವ ಅಕ್ಷರಗಳನ್ನೂ ಹಾಗೇ ಜೋಡಿಸಿಕೊಂಡರೆ ಹುಡುಕುವುದು ಸಲೀಸು. ಈ ಅಕ್ಷರಗಳ ಜೊತೆ ಬೇರೆಯವೂ ಇರಬಹುದು ಅನ್ನುವುದಾದರೆ ಲಿನಕ್ಸ್ ಕಂಪ್ಯೂಟರ್‌ನಲ್ಲಿ, ಕೇಳಿದ ಅಕ್ಷರ ಇರುವ ಸಾಲುಗಳನ್ನಷ್ಟೇ ಆರಿಸಿಕೊಡುವ ಗ್ರೆಪ್ ಅನ್ನೋ ಆಜ್ಞೆ ಸಾಕು, ಒಂದೊಂದೇ ಅಕ್ಷರಕ್ಕೆ ಸೋಸುತ್ತಾ ಹೋಗಿ. ಎರಡು ಇ ಬೇಕಿದ್ದರೆ ಮಾತ್ರ ಹುಷಾರು. ಎರಡು ಸಲ ಸೋಸಿದರೂ ಒಂದೇ ಇ ಇರುವ ಪದ ಉಳಿದುಬಿಡುತ್ತದೆ. ಇ, ಚುಕ್ಕಿ, ನಕ್ಷತ್ರ ಚಿಹ್ನೆ, ಮತ್ತೆ ಇ ಅಂತ ಒಟ್ಟಿಗೆ ಕೊಡಬೇಕು, ಎರಡು ಇ ನಡುವೆ ಏನಿದ್ದರೂ ಸರಿ ಅಂತ ಅದರರ್ಥ.

ಆಟದಲ್ಲಿ ಕಂಪ್ಯೂಟರ್ ಇರಲ್ಲ ಅಲ್ವಾ? ಅದಕ್ಕೆ, ಮಂಡ್ಯದಿಂದ ಮೈಸೂರಿಗೆ ಟ್ರೈನಲ್ಲಿ ಬರುವಾಗ ಸ್ಟೇಷನ್ ಬೋರ್ಡುಗಳ ಇಂಗ್ಲಿಷ್ ಸ್ಪೆಲ್ಲಿಂಗ್ ಹಿಡಿದು ಅಭ್ಯಾಸ ಮಾಡಿಸಿ. ಮಂಡ್ಯದಲ್ಲೇ ‘ಮೆನಿ’, ‘ಯಾಮ್’ ಇವೆ. ಕೆಆರ್‌ಎಸ್ ಇರುವ ಜಿಲ್ಲೆ ನೋಡಿ, ‘ಡ್ಯಾಮ್’ ಕೂಡ ಇದೆ! ಪಾಂಡವಪುರದ್ದು ಅವಳೇ ಹುಡುಕಲಿ.