ನಾಯಿಯ ಹುಟ್ಟುಹಬ್ಬಕ್ಕೆ ರಾಗಿ ಕೇಕ್

ಪ್ರಶ್ನೆ: ನಮ್ಮ ನಾಯಿಗೆ ಮುಂದಿನ ವಾರ ಎರಡು ವರ್ಷ ತುಂಬುತ್ತದೆ, ತೂಕ 10 ಕೆಜಿ. ಬೇಕರಿ ಕೇಕ್ ಬೇಡ, ಮನೆಯಲ್ಲೇ ಏನು ಮಾಡಬಹುದು? ತೋಟದ ದ್ರಾಕ್ಷಿಯನ್ನು ಮೇಲೆ ಇಡಬಹುದೇ?
– ಓದುಗರು, ಚಿಕ್ಕಬಳ್ಳಾಪುರ

ಉತ್ತರ: ದ್ರಾಕ್ಷಿ ಖಂಡಿತ ಬೇಡ. ಒಣದ್ರಾಕ್ಷಿಯೂ ಅಷ್ಟೇ. ಕೆಲವು ನಾಯಿಗಳಿಗೆ ನಾಲ್ಕಾರು ಹಣ್ಣೇ ಕಿಡ್ನಿ ಕೆಡಿಸುತ್ತದೆ, ಯಾವ ನಾಯಿಗೆ ಎಷ್ಟು ಅಪಾಯ ಎಂದು ಮೊದಲೇ ಹೇಳಲಾಗದು. ಬಳ್ಳಿಯ ಕೆಳಗೆ ಉದುರಿದ್ದನ್ನು ತಿಂದರೆ ವಾಂತಿಯಾಗಲಿ ಎಂದು ಕಾಯದೆ ಪಶುವೈದ್ಯರ ಬಳಿ ಕರೆದೊಯ್ಯಿರಿ. ಚಾಕೊಲೇಟ್, ಈರುಳ್ಳಿ, ಬೆಳ್ಳುಳ್ಳಿಯೂ ನಿಷಿದ್ಧ.

ಕೇಕ್‌ಗೆ ಓವನ್ ಬೇಕಿಲ್ಲ, ಇಡ್ಲಿ ಪಾತ್ರೆ ಸಾಕು. ಅರ್ಧ ಕಪ್ (ಸುಮಾರು 60 ಗ್ರಾಂ) ರಾಗಿ ಹಿಟ್ಟು, ಬೇಯಿಸಿ ಮಸೆದ ಸಿಹಿಗುಂಬಳ 100 ಗ್ರಾಂ, ಒಂದು ಮೊಟ್ಟೆ. ಉಪ್ಪು, ಬೆಲ್ಲ, ಸೋಡಾ ಯಾವುದೂ ಬೇಡ. ಕಲಸಿ 10 ನಿಮಿಷ ಬಿಡಿ. ರಾಗಿ ನೀರು ಹೀರಿ ಗಟ್ಟಿಯಾಗುತ್ತದೆ, ಆಗ ಒಂದೆರಡು ಚಮಚ ನೀರು ಸೇರಿಸಿ ಇಡ್ಲಿ ಹಿಟ್ಟಿನ ಹದಕ್ಕೆ ತನ್ನಿ. 15 ನಿಮಿಷ ಹಬೆಯಲ್ಲಿ ಬೇಯಿಸಿ. ಕಡ್ಡಿ ಚುಚ್ಚಿದಾಗ ಅಂಟಿದರೆ ಇನ್ನೂ ಮೂರು ನಿಮಿಷ. ರಾಗಿಯಲ್ಲಿ ಗ್ಲುಟೆನ್ (ಗೋಧಿ ಹಿಟ್ಟಿಗೆ ಅಂಟು ಕೊಡುವ ಪ್ರೋಟೀನ್) ಇಲ್ಲದ್ದರಿಂದ ಮೊಟ್ಟೆ ಬಿಟ್ಟರೆ ಪುಡಿಪುಡಿಯಾಗುತ್ತದೆ. ಉಬ್ಬುವುದಿಲ್ಲ; ನಾಯಿ ಅದಕ್ಕೆ ತಕರಾರು ಮಾಡದು!

ಕ್ರೀಮ್ ಬದಲು ಬಟ್ಟೆಯಲ್ಲಿ ಮೂರು ಗಂಟೆ ಕಟ್ಟಿಟ್ಟ ಗಟ್ಟಿ ಮೊಸರು ಸವರಿ. ಕೇಕ್ ಪೂರ್ತಿ ಆರಿರಬೇಕು, ಬಿಸಿ ಇದ್ದರೆ ಮೊಸರು ನೀರೊಡೆದು ಇಳಿಯುತ್ತದೆ.

ನಾಲ್ಕೈದು ಇಡ್ಲಿಯಷ್ಟಾಗುತ್ತದೆ. ನಿಮ್ಮ ನಾಯಿಗೆ ದಿನಕ್ಕೆ ಒಂದೇ, ಅಂದಿನ ಊಟವನ್ನೂ ಸ್ವಲ್ಪ ಕಡಿಮೆ ಮಾಡಿ. ಉಳಿದದ್ದು ಫ್ರಿಜ್‌ನಲ್ಲಿ ಎರಡು ದಿನ ಇರುತ್ತದೆ.