ಕೈನೇಸ್ ಖಳನಾಯಕ ಅಲ್ಲ

ನಮಸ್ಕಾರ. ಸ್ತನ ಕ್ಯಾನ್ಸರ್ ಬೆಳೆಯುವುದರಲ್ಲಿ ಜೀವಕೋಶದ ಸಂದೇಶ ಸಾಗಿಸುವ ಕಿಣ್ವಗಳ ಪಾತ್ರ ಏನು ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಬೇಡಿ, ತಿದ್ದಿ ಕಳಿಸಿ.

ಮೊದಲ ಸಾಲಲ್ಲೇ ಕೈನೇಸ್‌ಗಳನ್ನು ‘ಕ್ಯಾನ್ಸರ್ ತರುವ ಕಿಣ್ವಗಳು’ ಎಂದಿದ್ದೀರಿ. ಇದು ತಪ್ಪು. ಅವು ಎಲ್ಲರ ಮೈಯಲ್ಲೂ ಇವೆ, ಅವಿಲ್ಲದೆ ಗಾಯ ಕೂಡ ಮಾಯುವುದಿಲ್ಲ. ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣುವಿನಿಂದ ಒಂದು ಫಾಸ್ಫೇಟ್ ತೆಗೆದು ಇನ್ನೊಂದು ಅಣುವಿಗೆ ಅಂಟಿಸುವುದು ಅವುಗಳ ಕೆಲಸ. ‘ಬೆಳೆ’, ‘ಎರಡಾಗು’ ಎನ್ನುವ ಸಂದೇಶ ಹಾಗೆ ಮುಂದೆ ಸಾಗುತ್ತದೆ. ಆ ಸಂದೇಶ ನಿಲ್ಲದೇ ಹೋದಾಗ ತೊಂದರೆ ಶುರುವಾಗುತ್ತದೆ.

ನಿಲ್ಲಿಸುವವರು ಯಾರು? ನಿಮ್ಮ ಲೇಖನದಲ್ಲಿ ಅದೇ ಇಲ್ಲ. ಪಿಐ3ಕೆ ಎಂಬ ಕೈನೇಸ್ ಬಗ್ಗೆ ಎರಡು ಪುಟ ಬರೆದಿದ್ದೀರಿ, ಅದಕ್ಕೆ ಎದುರಾಗಿ ಕೆಲಸ ಮಾಡುವ ಪಿಟೆನ್ ಎಂಬ ಕಿಣ್ವದ ಬಗ್ಗೆ ಒಂದು ಸಾಲೂ ಇಲ್ಲ. ಕೋಶದ ಪೊರೆಯಲ್ಲಿರುವ ಕೊಬ್ಬಿನ ಅಣುವಿಗೆ ಪಿಐ3ಕೆ ಅಂಟಿಸಿದ ಫಾಸ್ಫೇಟನ್ನೇ ಪಿಟೆನ್ ಕಿತ್ತು ತೆಗೆಯುತ್ತದೆ. ಪಿಟೆನ್ ಕಳೆದುಹೋದರೂ, ಜೀನ್ ಕೆಟ್ಟು ಪಿಐ3ಕೆ ಬಿಡದೆ ಕೆಲಸ ಮಾಡುತ್ತಲೇ ಇದ್ದರೂ ಫಲ ಒಂದೇ: ಮುಂದಿನ ಕಿಣ್ವ ಎಕೆಟಿ ಸುಮ್ಮನಾಗುವುದಿಲ್ಲ, ಸಾಯಬೇಕಾದ ಕೋಶ ಸಾಯುವುದಿಲ್ಲ. ಈ ಜಗ್ಗಾಟವೇ ನಿಮ್ಮ ಲೇಖನದ ಜೀವ ಆಗಬೇಕಿತ್ತು.

ಆಲ್ಪೆಲಿಸಿಬ್ ಔಷಧಿಗೆ ಅಮೆರಿಕದಲ್ಲಿ 2019ರಲ್ಲಿ ಅನುಮತಿ ಸಿಕ್ಕಿತು ಎಂದು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಅದು ಪಿಐ3ಕೆಯನ್ನು ತಡೆಯುತ್ತದೆ. ಜೊತೆಗೆ ಅನೇಕರಲ್ಲಿ ರಕ್ತದ ಸಕ್ಕರೆಯೂ ಏರುತ್ತದೆ, ಯಾಕೆಂದರೆ ಇನ್ಸುಲಿನ್ ಸಂದೇಶ ಸಾಗುವುದೂ ಇದೇ ದಾರಿಯಲ್ಲಿ. ಕೈನೇಸ್ ಖಳನಾಯಕ ಅಲ್ಲ ಅನ್ನೋದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಾ?

ಕೊನೆಯ ಭಾಗ, ‘ಕೈನೇಸ್ ತಡೆಯುವ ಆಹಾರಗಳು’, ಪೂರ್ತಿ ತೆಗೆಯಿರಿ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮೇಲೆ ಕಂಡದ್ದು ಮನುಷ್ಯರಲ್ಲೂ ಆಗುತ್ತದೆ ಎಂದು ಹೇಳಲು ಬರುವುದಿಲ್ಲ. ಚಿಕಿತ್ಸೆಯಲ್ಲಿರುವ ಒಬ್ಬರು ಅದನ್ನು ನಂಬಿ ಮಾತ್ರೆ ಬಿಟ್ಟರೆ? ಈ ವಿಷಯದಲ್ಲಿ ನಾನು ಒಂದಿಷ್ಟೂ ಸಡಿಲ ಬಿಡುವುದಿಲ್ಲ.

ಭಾಷೆಯೂ ಭಾರ. ‘ಸಂಕೇತ ಪ್ರಸರಣದ ಅನಿಯಂತ್ರಿತ ಸಕ್ರಿಯಗೊಳಿಸುವಿಕೆ’ ಅನ್ನುವ ಬದಲು ‘ಸಂದೇಶ ನಿಲ್ಲುವುದೇ ಇಲ್ಲ’ ಅಂದರೆ ಸಾಕು.

ಹರ್-2 ಬಗ್ಗೆ ಬರೆದ ಪ್ಯಾರಾ ಮಾತ್ರ ನಿಜಕ್ಕೂ ಚೆನ್ನಾಗಿದೆ. ಸುಮಾರು ಶೇ 15ರಿಂದ 20ರಷ್ಟು ಸ್ತನ ಕ್ಯಾನ್ಸರ್‌ಗಳಲ್ಲಿ ಹೊರಗಿನ ಸಂದೇಶ ಹಿಡಿಯುವ ಈ ಗ್ರಾಹಕ ಪ್ರೋಟೀನ್ ಕೋಶದ ಮೇಲೆ ಜಾಸ್ತಿಯಾಗಿ ತುಂಬಿಕೊಳ್ಳುವುದು, 1998ರಲ್ಲಿ ಬಂದ ಟ್ರಾಸ್ಟುಜುಮ್ಯಾಬ್ ಔಷಧಿ ಹೊರಗಿನಿಂದಲೇ ಅದಕ್ಕೆ ಅಂಟಿಕೊಳ್ಳುವುದು ಕಣ್ಣಿಗೆ ಕಟ್ಟುತ್ತದೆ. ಲೇಖನವನ್ನು ಅಲ್ಲಿಂದಲೇ ಶುರು ಮಾಡಿ. ಆಮೇಲೆ ಕೋಶದ ಒಳಗೆ ಹೋಗಿ, ಪಿಟೆನ್ ತನಕ. ಹೊಸ ಪ್ರತಿಗೆ ಕಾಯುತ್ತಿರುತ್ತೇನೆ.