ಸ್ನೋ ಬಿದ್ದ ದಿನ ಬಸ್ ಗುಡ್ಡ ಹತ್ತೋದಿಲ್ಲ

ಮೊನ್ನೆ ದಾವಣಗೆರೆಯಲ್ಲಿ ನಮ್ಮ ತಮ್ಮನ ಮನೆ ಗೃಹಪ್ರವೇಶ. ಊಟದ ಪಂಕ್ತಿಯಲ್ಲಿ ಚಿತ್ರದುರ್ಗದ ಹುಡುಗಿಯೊಬ್ಬಳು ಪಕ್ಕದಲ್ಲಿ ಬಂದು ಕೂತಳು. ದೂರದ ಸಂಬಂಧ, ಚಿಕ್ಕವಳಿದ್ದಾಗ ನೋಡಿದ್ದು. ಜನವರಿ ಕೊನೆಗೆ ಗಂಡ, ಐದು ವರ್ಷದ ಮಗಳ ಜೊತೆ ಅಮೆರಿಕದ ಸಿಯಾಟಲ್ ಕಡೆಗೆ ಹೊರಟಿದ್ದಾಳೆ. ಗಂಡನಿಗೆ ಅದರ ಪಕ್ಕದ ರೆಡ್ಮಂಡ್‌ನಲ್ಲಿ ಕೆಲಸ. ಕಾರು ಒಂದೇ, ಅದೂ ಅವನ ಕೈಯಲ್ಲಿ. ಇವಳು ಯಾವುದೋ ಕೋರ್ಸಿಗೆ ಬಸ್ಸಲ್ಲೇ ಓಡಾಡಬೇಕು. “ಅಕ್ಕಾ, ಸ್ನೋ ಬಿದ್ದಾಗ ಅಲ್ಲಿ ಬಸ್ ಇರ್ತಾವಾ? ಇಲ್ಲಾಂದ್ರೆ ಆಟೋನಾದ್ರೂ ಸಿಗುತ್ತಾ?” ಅಂತ ಕೇಳಿದಳು. ಅಷ್ಟರಲ್ಲಿ ಹೋಳಿಗೆಗೆ ತುಪ್ಪ ಬಂತು, ಮಾತು ಅಲ್ಲೇ ನಿಂತಿತು. ಉತ್ತರ ಇಲ್ಲಿ ಬರೆಯುತ್ತಿದ್ದೇನೆ. ಅವಳ ಹಾಗೆ ಹೊರಟವರು ಇನ್ನೂ ಕೆಲವರು ಇರಬಹುದು.

ನೋಡು ತಂಗಿ, ಮೊದಲು ಆಟೋ ಮರೆತುಬಿಡು. ಬಸ್ ಇರುತ್ತದೆ. ಆದರೆ ನಿನ್ನ ಸ್ಟಾಪಿಗೆ ಬರುತ್ತದೆ ಅಂತ ಹೇಳೋಕಾಗಲ್ಲ. ಇಷ್ಟು ತಿಳಿಯೋಕೆ ನಾನು ಒಂದು ಇಡೀ ಬೆಳಗ್ಗೆ ಚಳಿಯಲ್ಲಿ ನಿಂತಿದ್ದೇನೆ.

ನಾನು ಹೋಗಿದ್ದು 2008ರ ಸೆಪ್ಟೆಂಬರ್‌ನಲ್ಲಿ. ಮೊದಲ ಮನೆ ಸಿಯಾಟಲ್ ಊರೊಳಗೆ, ಕ್ವೀನ್ ಆನ್ ಗುಡ್ಡದ ಮೇಲೆ. ಕಿಟಕಿ ತೆಗೆದರೆ ಊರೆಲ್ಲ ಕಾಣುತ್ತದೆ ಅಂತ ಆಸೆಪಟ್ಟು ಹಿಡಿದ ಮನೆ. ಆ ಡಿಸೆಂಬರ್‌ನಲ್ಲಿ ಸ್ನೋ ಶುರುವಾಯಿತು, ಎರಡು ವಾರ ಹೆಚ್ಚುಕಮ್ಮಿ ಬಿಡಲೇ ಇಲ್ಲ. ನಾನು ಎರಡು ಸ್ವೆಟರ್ ಹಾಕಿಕೊಂಡು ಮನೆ ಮುಂದಿನ ಸ್ಟಾಪಲ್ಲಿ ನಿಂತೆ. ಹತ್ತು ನಿಮಿಷ, ಅರ್ಧ ಗಂಟೆ, ಒಂದು ಗಂಟೆ. ನಮ್ಮ ಪಿ.ಬಿ. ರೋಡಲ್ಲಿ ನಿಂತು ಬೆಳೆದವಳು ನಾನು. ಸರ್ಕಾರಿ ಬಸ್ ಬರದಿದ್ದರೆ ಖಾಸಗಿ, ಅದೂ ಇಲ್ಲದಿದ್ದರೆ ಟೆಂಪೋ, ನಿಂತವರಿಗೆ ಏನೋ ಒಂದು ಬಂದೇ ಬರುತ್ತದೆ ಅನ್ನೋ ನಂಬಿಕೆ. ಕೊನೆಗೆ ನಾಯಿ ಹಿಡಿದುಕೊಂಡು ಬಂದ ಅಜ್ಜಿಯೊಬ್ಬರು, “ಸ್ನೋ ಬಿದ್ದರೆ ಬಸ್ ಮೇಲೆ ಬರಲ್ಲಮ್ಮಾ, ಕೆಳಗಿನ ದೊಡ್ಡ ರಸ್ತೆಗೆ ಹೋಗು” ಅಂದರು. ಸ್ಟಾಪಿನ ಬೋರ್ಡಿದೆ, ಬೆಂಚಿದೆ, ಬಸ್ ಮಾತ್ರ ಆವತ್ತು ಅಲ್ಲಿಗೆ ಬರುವುದೇ ಇಲ್ಲ. ಯಾರೂ ಮೋಸ ಮಾಡಿರಲಿಲ್ಲ. ಆ ಮಾಹಿತಿ ಮೊದಲೇ ಇತ್ತು, ನೋಡಬೇಕಾದವಳು ನಾನು ನೋಡಿರಲಿಲ್ಲ.

(ಆ ಸಲ ಸಿಯಾಟಲ್ ನಗರಾಡಳಿತ ರಸ್ತೆಗೆ ಸ್ನೋ ಕರಗಿಸುವ ಉಪ್ಪು ಹಾಕಲಿಲ್ಲ, ಮರಳು ಹಾಕಿತು. ಜನ ಸಿಟ್ಟಾದರು. ಮುಂದಿನ ವರ್ಷ ಮೇಯರ್ ಪ್ರೈಮರಿ ಅನ್ನೋ ಮೊದಲ ಸುತ್ತಿನ ಚುನಾವಣೆಯಲ್ಲೇ ಮೂರನೇ ಸ್ಥಾನಕ್ಕೆ ಬಿದ್ದರು. ಸ್ನೋನೂ ಒಂದು ಕಾರಣ ಅಂತ ಈಗಲೂ ಹೇಳುತ್ತಾರೆ. ಗುಂಡಿ ಬಿದ್ದ ರಸ್ತೆಗೆ ನಮ್ಮಲ್ಲಿ ಹೀಗೆ ಆಗಿದ್ದರೆ ಎಷ್ಟು ಜನ ಉಳಿಯುತ್ತಿದ್ದರೋ!)

ಅಲ್ಲಿನ ಬಸ್ ಸಂಸ್ಥೆಯ ಹೆಸರು ಕಿಂಗ್ ಕೌಂಟಿ ಮೆಟ್ರೋ. ಹೆಸರು ಮೆಟ್ರೋ ಅಂತಿದ್ದರೂ ಅದು ಬಸ್ಸೇ, ರೈಲು ಬೇರೆ. ಅವರ ಎಷ್ಟೋ ರೂಟುಗಳಿಗೆ ಎರಡು ದಾರಿ. ಮಾಮೂಲಿ ದಿನದ್ದು ಒಂದು, ಸ್ನೋ ದಿನದ್ದು ಇನ್ನೊಂದು. ಇದಕ್ಕೆ ಸ್ನೋ ರೂಟ್ ಅಂತಾರೆ. ಕಡಿದಾದ ಗುಡ್ಡ, ಸಣ್ಣ ಬೀದಿ ಬಿಟ್ಟು ಸಮತಟ್ಟಾದ ದೊಡ್ಡ ರಸ್ತೆ ಹಿಡಿಯುತ್ತದೆ. ಸ್ನೋ ಇನ್ನೂ ಜೋರಾದರೆ ಎಮರ್ಜೆನ್ಸಿ ಸ್ನೋ ನೆಟ್‌ವರ್ಕ್ ಅಂತ ಘೋಷಿಸುತ್ತಾರೆ. ಆಗ ಮುಖ್ಯವಾದ ಕೆಲವೇ ರೂಟು ಓಡುತ್ತವೆ, ಉಳಿದವು ಪೂರ್ತಿ ಬಂದ್. ಇದನ್ನು ಮೊದಲ ಸಲ ಜಾರಿಗೆ ತಂದದ್ದು 2019ರ ಫೆಬ್ರುವರಿಯಲ್ಲಿ. ಆ ಒಂದೇ ತಿಂಗಳು ಅಲ್ಲಿನ ವಿಮಾನ ನಿಲ್ದಾಣದಲ್ಲಿ ಸುಮಾರು 50 ಸೆಂಟಿಮೀಟರ್ ಸ್ನೋ ಬಿತ್ತು. ಸಾಮಾನ್ಯವಾಗಿ ಇಡೀ ವರ್ಷಕ್ಕೆ ಅದರ ಮೂರನೇ ಒಂದು ಭಾಗವೂ ಬೀಳುವುದಿಲ್ಲ. ಸ್ನೋ ಅಪರೂಪ ಆದ್ದರಿಂದಲೇ ಈ ಒದ್ದಾಟ. ಪ್ರತಿ ವರ್ಷ ಸ್ನೋ ನೋಡುವ ಷಿಕಾಗೋದವರು ನಮ್ಮನ್ನು ನೋಡಿ ನಗುತ್ತಾರೆ. ಅವರ ಊರು ಚಪ್ಪಟೆ, ನಮ್ಮದು ಬರೀ ಏರು-ಇಳಿವು. ನಗಲಿ ಬಿಡು.

ಬಸ್ ಯಾಕೆ ಹತ್ತೋದಿಲ್ಲ ಅಂತ ಕೇಳಬಹುದು. ಅಲ್ಲಿ ಉದ್ದನೆಯ ಬಸ್ಸುಗಳು ಜಾಸ್ತಿ, 60 ಅಡಿಯವು. ಎರಡು ಬಸ್ ಸೇರಿಸಿ ನಡುವೆ ಹಾರ್ಮೋನಿಯಂ ತಿದಿ ಇಟ್ಟ ಹಾಗೆ ಮಡಿಕೆ ಇರುತ್ತದೆ. ತಿರುವಿನಲ್ಲಿ ಬಾಗೋಕೆ ಅನುಕೂಲ. ಆದರೆ ಎಂಜಿನ್ ಹಿಂದಿರುತ್ತದೆ, ಹಿಂದಿನ ಗಾಲಿ ಮುಂದಿನ ಭಾಗವನ್ನು ತಳ್ಳುತ್ತದೆ. ಸುಗ್ಗಿಯಲ್ಲಿ ಟ್ರಾಕ್ಟರ್ ರಿವರ್ಸ್ ತೆಗೆಯೋದು ನೋಡಿದ್ದೀಯಲ್ಲ? ಸ್ವಲ್ಪ ತಪ್ಪಿದರೆ ಟ್ರೇಲರ್ ಅಡ್ಡಕ್ಕೆ ಮಡಚಿಕೊಂಡು ನಿಲ್ಲುತ್ತದೆ. ಅದೇ ಲೆಕ್ಕ. ಮುಂದೆ ಜಾರುತ್ತಿರುವಾಗ ಹಿಂದಿನಿಂದ ತಳ್ಳಿದರೆ ಬಸ್ ನಡುವೆ ಮಡಚಿ ರಸ್ತೆಗೆ ಅಡ್ಡ ಬೀಳುತ್ತದೆ. ಅದಕ್ಕೇ ಸ್ನೋ ದಿನ ಆದಷ್ಟು 40 ಅಡಿಯ ಬಸ್ ಬಿಡುತ್ತಾರೆ, ಗಾಲಿಗೆ ಕಬ್ಬಿಣದ ಚೈನ್ ಸುತ್ತುತ್ತಾರೆ. ಚೈನ್ ಸುತ್ತಿದ ಬಸ್ ನಿಧಾನ, ಗಡಗಡ ಸದ್ದು ಬೇರೆ. ಅರ್ಧ ಗಂಟೆಯ ದಾರಿಗೆ ಒಂದೂವರೆ ಗಂಟೆ ಇಟ್ಟುಕೋ.

ಇನ್ನು ಆ್ಯಪ್. ಅಲ್ಲಿ ಎಲ್ಲರ ಫೋನಲ್ಲೂ ಒನ್‌ಬಸ್‌ಅವೇ ಇರುತ್ತದೆ, ವಾಷಿಂಗ್ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಶುರು ಮಾಡಿದ್ದು. ಮಾಮೂಲಿ ದಿನ ಅದು ದೇವರಿದ್ದ ಹಾಗೆ, ಬಸ್ ಎಷ್ಟು ನಿಮಿಷಕ್ಕೆ ಬರುತ್ತದೆ ಅಂತ ಸರಿಯಾಗಿ ಹೇಳುತ್ತದೆ. ಸ್ನೋ ದಿನ ಮಾತ್ರ ಅದನ್ನು ನಂಬಬೇಡ. ಬಸ್ ದಾರಿ ಬಿಟ್ಟು ಬೇರೆ ಕಡೆ ಹೋದಾಗ ಅದರ ಲೆಕ್ಕ ತಪ್ಪುತ್ತದೆ. “4 ನಿಮಿಷ” ಅಂತ ತೋರಿಸುತ್ತಲೇ ಇರುತ್ತದೆ, ನೀನು ನಿಂತೇ ಇರುತ್ತೀಯ. ಅದರ ಬದಲು ಮೆಟ್ರೋದವರ ಅಲರ್ಟಿಗೆ ನಿನ್ನ ರೂಟ್ ನಂಬರ್ ಕೊಟ್ಟು ಸೇರಿಕೋ. ಯಾವ ಪ್ರದೇಶದಲ್ಲಿ ಸ್ನೋ ರೂಟ್ ಶುರುವಾಗಿದೆ ಅಂತ ಮೆಸೇಜ್ ಬರುತ್ತದೆ. ಪ್ರದೇಶವಾರು ಹೇಳೋದಕ್ಕೂ ಕಾರಣ ಇದೆ. ಪಶ್ಚಿಮದ ಒಲಿಂಪಿಕ್ ಬೆಟ್ಟಗಳಿಗೆ ಬಡಿದು ಎರಡಾದ ಗಾಳಿ ಈಚೆ ಬಂದು ಮತ್ತೆ ಕೂಡುತ್ತದೆ. ಕೂಡಿದ ಜಾಗದಲ್ಲಿ ಮಾತ್ರ ಸುರಿಯುತ್ತದೆ. ಸಿಯಾಟಲ್‌ನ ಉತ್ತರಕ್ಕಿರುವ ಲಿನ್‌ವುಡ್‌ನಲ್ಲಿ ಗೇಣುದ್ದ ಸ್ನೋ ಇದ್ದರೆ ದಕ್ಷಿಣದ ರೆಂಟನ್‌ನಲ್ಲಿ ಸುಮ್ನೆ ಜಿಟಿಜಿಟಿ ಮಳೆ. ನಮ್ಮಲ್ಲಿ ಹರಿಹರದಲ್ಲಿ ಮಳೆ, ದಾವಣಗೆರೆಯಲ್ಲಿ ಬಿಸಿಲು ಇದ್ದ ಹಾಗೆ.

ಎಲ್ಲಿ ನಿಲ್ಲಬೇಕು ಅನ್ನೋದೇ ದೊಡ್ಡ ವಿಷಯ. ಗುಡ್ಡದ ನಡುವೆ ಇರುವ ಸ್ಟಾಪಲ್ಲಿ ಬೇಡ. ಏರಿನ ಮಧ್ಯೆ ನಿಂತ ಬಸ್ಸಿಗೆ ಮತ್ತೆ ಹೊರಡೋದು ಕಷ್ಟ, ಎಷ್ಟೋ ಸಲ ನಿಲ್ಲಿಸುವುದೇ ಇಲ್ಲ. ಸಮತಟ್ಟಾದ ಜಾಗಕ್ಕೆ ನಡೆದು ಹೋಗು. ರಸ್ತೆ ಅಂಚಿಗೆ ಅಂಟಿಕೊಂಡು ನಿಲ್ಲಬೇಡ, ಬಸ್ ಬ್ರೇಕ್ ಹಾಕಿದ ಮೇಲೂ ಒಂದಷ್ಟು ಜಾರುತ್ತದೆ. ನಾಲ್ಕು ಹೆಜ್ಜೆ ಹಿಂದೆ ನಿಂತು, ಪೂರ್ತಿ ನಿಂತ ಮೇಲೆ ಹತ್ತು. ಡಿಸೆಂಬರ್‌ನಲ್ಲಿ ಸಂಜೆ 4:20ಕ್ಕೆಲ್ಲ ಸೂರ್ಯ ಮುಳುಗುತ್ತಾನೆ, ನೀನು ಹೋಗುವ ಹೊತ್ತಿಗೂ ಬೇಗ ಕತ್ತಲಾಗುತ್ತದೆ. ಕಪ್ಪು ಜಾಕೆಟ್ ತಗೋಬೇಡ, ಡ್ರೈವರ್ ಕಣ್ಣಿಗೆ ಬೀಳೋದಿಲ್ಲ. ಬಸ್ ಬರುವಾಗ ಫೋನಿನ ಟಾರ್ಚ್ ಆಡಿಸು. ಅಲ್ಲಿ ಕಂಡಕ್ಟರ್ ಇಲ್ಲ. ಓಡಿ ಬರುವವರನ್ನು ನೋಡಿ “ಹೋಲ್ಡಾನ್” ಅಂತ ಕೂಗುವವರೂ ಇಲ್ಲ.

ನಡೆಯೋದರ ಬಗ್ಗೆ ಒಂದು ಮಾತು. ಬಿದ್ದ ಸ್ನೋ ಹಗಲಲ್ಲಿ ಅರ್ಧ ಕರಗುತ್ತದೆ, ರಾತ್ರಿ ಮತ್ತೆ ಹೆಪ್ಪುಗಟ್ಟುತ್ತದೆ. ಬೆಳಗ್ಗೆ ರಸ್ತೆ ಸುಮ್ನೆ ಒದ್ದೆಯಾದ ಹಾಗೆ ಕಾಣುತ್ತದೆ, ಅದು ಗಾಜಿನಂಥ ಐಸ್. ಸ್ನೋಗಿಂತ ಇದು ಅಪಾಯ. 2022ರ ಡಿಸೆಂಬರ್ 23ರಂದು ಮಳೆ ನೆಲಕ್ಕೆ ತಾಗಿದ ಕೂಡಲೇ ಗಟ್ಟಿಯಾಗಿ, ಬೆಳಗ್ಗೆ ಬಸ್ಸುಗಳನ್ನೇ ಕೆಲವು ಗಂಟೆ ನಿಲ್ಲಿಸಿದ್ದರು. ಭದ್ರಾ ನಾಲೆ ಕಡೆ ಗದ್ದೆ ಬದುವಿನ ಮೇಲೆ ನಡೆದಿದ್ದೀಯಾ? ಸಣ್ಣ ಹೆಜ್ಜೆ, ಪಾದ ಪೂರ್ತಿ ಊರಿ, ಕೈ ಜೇಬಿನಿಂದ ಹೊರಗೆ. ಹಾಗೆ ನಡಿ. ಶೂ ಮೇಲೆ ಎಳೆದು ಹಾಕಿಕೊಳ್ಳುವ ರಬ್ಬರಿನ ಮುಳ್ಳುಪಟ್ಟಿ ಅಲ್ಲಿ ಸಿಗುತ್ತದೆ. ಸ್ನೋ ಬಿದ್ದ ಮೇಲೆ ಅಂಗಡಿಯಲ್ಲಿ ಒಂದೂ ಉಳಿದಿರಲ್ಲ, ಮೊದಲೇ ತಂದಿಟ್ಟುಕೋ.

ನಿಜ ಹೇಳಬೇಕೆಂದರೆ ಸ್ನೋಗಿಂತ ನಮ್ಮನ್ನು ಜಾಸ್ತಿ ಕಾಡಿದ್ದು ಗಾಳಿ. ಜೋಗಿಮಟ್ಟಿ ಬೆಟ್ಟದ ಕೆಳಗೆ ಬೆಳೆದ ನಿನಗೆ ಗಾಳಿ ಹೊಸದಲ್ಲ ಬಿಡು, ಆದರೆ ಅಲ್ಲಿ ಪ್ರತಿ ರಸ್ತೆ ಪಕ್ಕ ತೆಂಗಿಗಿಂತ ಎತ್ತರದ ಫರ್ ಮರಗಳು, ಅವುಗಳ ಪಕ್ಕದಲ್ಲೇ ಕರೆಂಟ್ ತಂತಿ. 2024ರ ನವೆಂಬರ್ 19ರ ರಾತ್ರಿ ಬಾಂಬ್ ಸೈಕ್ಲೋನ್, ಅಂದರೆ ದಿಢೀರಂತ ಜೋರಾಗುವ ಬಿರುಗಾಳಿ, ಬಂತು. ಬೆಲ್‌ವ್ಯೂ, ಇಸ್ಸಾಕ್ವಾ, ರೆಡ್ಮಂಡ್ ಕಡೆ ಮರಗಳು ಸಾಲಾಗಿ ಉರುಳಿದವು. ಲಕ್ಷಾಂತರ ಮನೆಗಳಿಗೆ ಕರೆಂಟ್ ಹೋಯಿತು, ನಮ್ಮದು ಮೂರು ದಿನ ಬರಲಿಲ್ಲ. ಮರುದಿನ ಬಸ್ಸುಗಳು ಮರ ಬಿದ್ದ ಕಡೆ ಸುತ್ತುಹಾಕಿಕೊಂಡು ಓಡಿದವು. ಸಿಗ್ನಲ್ ದೀಪವೂ ಇಲ್ಲ, ಪ್ರತಿ ಸರ್ಕಲ್ಲಲ್ಲಿ ಒಂದೊಂದೇ ಗಾಡಿ ದಾಟಬೇಕು. ದಾವಣಗೆರೆಯ ಅಶೋಕ ಟಾಕೀಸ್ ಹತ್ತಿರ ರೈಲ್ವೆ ಗೇಟ್ ಬಿದ್ದಾಗ ಕಾದದ್ದು ನೆನಪಾಯಿತು. ಒಲೆಯೂ ಕರೆಂಟಿನದ್ದು, ಅನ್ನ ಮಾಡೋಕೂ ಆಗಲಿಲ್ಲ. ಆ ಮೂರು ದಿನ ನಮ್ಮನ್ನು ಕಾಪಾಡಿದ್ದು ಊರಿಂದ ತಂದಿದ್ದ ಮಂಡಕ್ಕಿ, ಶೇಂಗಾ ಚಟ್ನಿಪುಡಿ. ಮನೆಯಲ್ಲಿ ಎಲ್ಲರೂ ಸೂಟ್‌ಕೇಸಲ್ಲಿ ಜಾಗ ಹಾಳು ಅಂದಿದ್ದರು.

ಟಿಕೆಟ್ ವಿಷಯ ಬೇಗ ಹೇಳಿಬಿಡುತ್ತೇನೆ. ಆರ್ಕಾ ಅಂತ ಕಾರ್ಡ್ ತಗೋ. ಒಂದು ಸಲಕ್ಕೆ 3 ಡಾಲರ್, ಎರಡು ಗಂಟೆಯೊಳಗೆ ಬೇರೆ ಬಸ್ ಹತ್ತಿದರೆ ಮತ್ತೆ ಕೊಡಬೇಕಿಲ್ಲ. ಇಲ್ಲಿ ಶಕ್ತಿ ಯೋಜನೆಯಲ್ಲಿ ಪುಕ್ಕಟೆ ಓಡಾಡಿ ರೂಢಿಯಾದವಳಿಗೆ ಮೊದಮೊದಲು ಹೊಟ್ಟೆ ಉರಿಯುತ್ತದೆ. ಮಗಳಿಗೆ ಮಾತ್ರ ಪುಕ್ಕಟೆ, 18 ವರ್ಷದವರೆಗೂ. ಅವಳ ಶಾಲೆಯ ಬಗ್ಗೆ ಚಿಂತೆ ಮಾಡಬೇಡ. ಹವಾಮಾನ ಕೆಟ್ಟರೆ ರಜಾ ಕೊಡುತ್ತಾರೆ ಇಲ್ಲಾ ಎರಡು ಗಂಟೆ ತಡವಾಗಿ ಶುರು ಮಾಡುತ್ತಾರೆ, ಬೆಳಗಿನ ಜಾವವೇ ಮೆಸೇಜ್ ಬರುತ್ತದೆ. ಶಾಲೆ ರಜಾ ಅಂದರೆ ನಿನ್ನ ಕ್ಲಾಸಿಗೂ ಹೋಗಬೇಡ. ಮೊದಮೊದಲು ಗೈರಾದರೆ ಏನು ಅಂದುಕೊಳ್ಳುತ್ತಾರೋ ಅನಿಸುತ್ತದೆ, ಅಲ್ಲಿನವರೇ ಬಂದಿರಲ್ಲ.

ನೀನು ಈಗಲೇ ಮಾಡಬೇಕಾದ ಕೆಲಸ ಒಂದಿದೆ. ನಿನ್ನ ಗಂಡ ಬಾಡಿಗೆ ಮನೆ ಹುಡುಕುತ್ತಿದ್ದಾನೆ ಅಂದೆಯಲ್ಲ? ಅವನು ಅಡುಗೆಮನೆ, ಕಾರ್ಪೆಟ್ ಎಲ್ಲ ಫೋಟೋದಲ್ಲಿ ನೋಡುತ್ತಾನೆ. ಬಸ್ ಸ್ಟಾಪ್ ಏರಿನಲ್ಲಿದೆಯೋ ಸಮತಟ್ಟಿನಲ್ಲಿದೆಯೋ ಅಂತ ನೋಡಲ್ಲ, ಅವನು ಕಾರಲ್ಲಿ ಹೋಗುವವನು. ರೆಡ್ಮಂಡ್‌ನಿಂದ ಬೆಲ್‌ವ್ಯೂಗೆ ಕ್ರಾಸ್‌ರೋಡ್ಸ್ ಅನ್ನೋ ಬಡಾವಣೆ ಮೇಲೆ ಹೋಗುವ ರಾಪಿಡ್‌ರೈಡ್ ಬಿ ಲೈನ್ ಬಸ್ ಇದೆ, ಈಗ ರೈಲಿನ 2 ಲೈನ್ ಕೂಡ ಬಂದಿದೆ. ಇವೆರಡರಲ್ಲಿ ಒಂದಕ್ಕೆ ಹತ್ತು ನಿಮಿಷ ನಡೆಯುವಷ್ಟು ಹತ್ತಿರ ಇದ್ದರೆ ಸಾಕು, ಅಡುಗೆಮನೆ ಚಿಕ್ಕದಾದರೂ ಪರವಾಗಿಲ್ಲ. ನಾನು ಸಂಕ್ರಾಂತಿ ಮುಗಿಸಿ ಹೊರಡುತ್ತೇನೆ, ಅಲ್ಲೀವರೆಗೆ ಪಿ.ಜೆ. ಬಡಾವಣೆಯ ನಮ್ಮ ಅಮ್ಮನ ಮನೆಯಲ್ಲೇ ಇರುತ್ತೇನೆ. ಮನೆ ಗೊತ್ತುಮಾಡುವ ಮುಂಚೆ ಎರಡು ಮೂರು ವಿಳಾಸ ಬರೆದುಕೊಂಡು ಒಂದು ಸಂಜೆ ಬಾ. ಯಾವ ರಸ್ತೆ ಏರು, ಯಾವುದು ಇಳಿಜಾರು ಅಂತ ಮ್ಯಾಪ್ ತೆಗೆದು ತೋರಿಸುತ್ತೇನೆ.